ರುಚಿ ನೋಡದೆ ಮಾಡಿದ ಕೋಲ್ಕ್ಯಾನನ್

ನಮ್ಮ ಮನೆಯ ಸ್ಟೀಲ್ ಡಬ್ಬಗಳು ಕೆಳಗಿನ ಮನೆಗೆ ಹೋದರೆ ಯಾವತ್ತೂ ಖಾಲಿ ವಾಪಸ್ ಬರುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ದೂರು ಹೇಳುತ್ತಿದ್ದೇನೆ. ಸಿಡ್ನಿಯ ವೆಸ್ಟ್‌ಮೀಡ್ ಸ್ಟೇಷನ್ನಿನ ಹತ್ತಿರ ನಮ್ಮದೊಂದು ಬಾಡಿಗೆ ಫ್ಲ್ಯಾಟು. ಅದರ ಕೆಳಗಿನ ಫ್ಲ್ಯಾಟಿನಲ್ಲಿ ನೋರಾ ಆಂಟಿ. ಐರ್ಲೆಂಡಿನಲ್ಲಿ ಹುಟ್ಟಿ, ಮದುವೆಯಾಗಿ, ಕೆಲವು ವರ್ಷ ಅತ್ತೆಯ ಕೈಕೆಳಗೆ ಪಳಗಿ, ಆಮೇಲೆ ಗಂಡ ಮೈಕಲ್ ಜೊತೆ ಹಡಗು ಹತ್ತಿ ಇಲ್ಲಿಗೆ ಬಂದವರು. ನಾವು ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಟ್ಟರೆ ಡಬ್ಬದ ತುಂಬ ಬಿಸ್ಕತ್ತು ಬರುತ್ತದೆ. ಗಣೇಶನ ಹಬ್ಬಕ್ಕೆ ಕಡುಬು ಕೊಟ್ಟರೆ ನಮ್ಮ ಮಗಳಿಗೆ ಕೈಯಲ್ಲೇ ಹೆಣೆದ ಉಲ್ಲನ್ ಟೋಪಿ ಬರುತ್ತದೆ. ಒಂದು ಸಲ ಹುಷಾರಾಗಿ ಡಬ್ಬದ ಬದಲು ಪೇಪರ್ ಪ್ಲೇಟಿನಲ್ಲಿ ಕೊಟ್ಟು ನೋಡಿದೆ. ಆಂಟಿ ಆ ಪೇಪರ್ ಪ್ಲೇಟನ್ನೂ ತೊಳೆದು, ಅದರ ಮೇಲೆ ಕೇಕು ಇಟ್ಟು ವಾಪಸ್ ಕೊಟ್ಟರು.

ಹೀಗಾದರೆ ಮನುಷ್ಯ ಋಣ ತೀರಿಸುವುದು ಯಾವಾಗ? ಋಣವಾದರೂ ಸಣ್ಣದೇ? ನಾವು ಬಂದ ಹೊಸದರಲ್ಲಿ ನೆಲದ ಮೇಲೆ ಪೇಪರ್ ಹಾಸಿ ಊಟ ಮಾಡುತ್ತಿದ್ದುದನ್ನು ನೋಡಿ ತಮ್ಮ ಊಟದ ಮೇಜನ್ನೇ ಮೇಲಕ್ಕೆ ಕಳಿಸಿದವರು ಅವರು. ನನ್ನ ಹೆಂಡತಿ ಜಲಜಾ ಆಸ್ಪತ್ರೆಯಲ್ಲಿ ನರ್ಸ್. ಅವಳ ಪಾಳಿಗೂ ನನ್ನ ಆಫೀಸಿಗೂ ನಡುವೆ ನಮ್ಮ ಅನನ್ಯಾ ಬೆಳೆದದ್ದು ನೋರಾ ಆಂಟಿಯ ಸೋಫಾದ ಮೇಲೆ. ಮಗು ಮೊದಲ ಹೆಜ್ಜೆ ಇಟ್ಟದ್ದೂ ಅಲ್ಲೇ. (ನಮಗೆ ಬೇಜಾರಾಗಬಾರದೆಂದು ಆಂಟಿ ಅದನ್ನು ಮುಚ್ಚಿಟ್ಟರು. ಸಂಜೆ ನಮ್ಮೆದುರು ಇಟ್ಟ ಹೆಜ್ಜೆಯನ್ನೇ ಮೊದಲನೆಯದೆಂದು ಘೋಷಿಸಿ ಚಪ್ಪಾಳೆ ತಟ್ಟಿದರು. ಗುಟ್ಟು ರಟ್ಟಾದಾಗ ಜಲಜಾ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಳು. ನಾನು ಬಾತ್‌ರೂಮಿಗೆ ಹೋಗಿದ್ದೆ, ಅದು ಬೇರೆ ವಿಷಯ.)

ಇಂಥ ಆಂಟಿ ಹೋದ ವರ್ಷ ಅಕ್ಟೋಬರಿನಲ್ಲಿ ಒಂದು ಬಾಂಬ್ ಹಾಕಿದರು. ಸೊಂಟದ ನೋವು ಜಾಸ್ತಿಯಾಗಿದೆ, ನವೆಂಬರಿನಲ್ಲಿ ಮೆಲ್ಬರ್ನಿನ ಮಗಳ ಮನೆಗೆ ಹೋಗಿಬಿಡುತ್ತೇನೆ ಎಂದರು. ಅಂಗಡಿಗಳಲ್ಲಿ ಹ್ಯಾಲೋವೀನಿನ ಪ್ಲಾಸ್ಟಿಕ್ ಅಸ್ಥಿಪಂಜರಗಳು ನೇತಾಡುತ್ತಿದ್ದ ಸಮಯ ಅದು. ಅದನ್ನು ನೋಡಿ ಅವರಿಗೆ ಊರಿನ ನೆನಪು ಬಂತು.

"ನಮ್ಮ ಕಡೆ ಇದು ಊಟದ ಹಬ್ಬ ಕಣಪ್ಪ," ಎಂದರು. (ಅವರು ಮಾತಾಡಿದ್ದು ಇಂಗ್ಲಿಷಿನಲ್ಲೇ. ಆದರೆ ಆ ದನಿಯನ್ನು ನನ್ನ ಕಿವಿ ಕನ್ನಡದಲ್ಲೇ ಕೇಳಿಸಿಕೊಳ್ಳುತ್ತದೆ, ನಾನೇನು ಮಾಡಲಿ?) "ಕೋಲ್ಕ್ಯಾನನ್ ಮಾಡ್ತಿದ್ವಿ. ಆಲೂಗಡ್ಡೆ ಬೇಯಿಸಿ ಮಸೆದು, ಕೋಸೋ ಸೊಪ್ಪೋ ಸೇರಿಸಿ, ಮಧ್ಯದಲ್ಲಿ ಗುಂಡಿ ಮಾಡಿ ಬೆಣ್ಣೆ ತುಂಬೋದು. ಒಣಹಣ್ಣಿನ ಬ್ರ್ಯಾಕ್ ಅಂತ ಒಂದು ಬ್ರೆಡ್ಡು, ಅದರೊಳಗೆ ಉಂಗುರ ಬಚ್ಚಿಡೋದು. ಉಂಗುರ ಸಿಕ್ಕಿದವರಿಗೆ ವರ್ಷದೊಳಗೆ ಮದುವೆ. ಆ ಸಂಜೆ ಸತ್ತವರು ಮನೆಗೆ ಬರ್ತಾರೆ. ಅವರಿಗೆ ಒಂದು ಕುರ್ಚಿ, ಒಂದು ತಟ್ಟೆ. ಮೈಕಲ್ ಹೋದ ಮೇಲೆ ನಾನು ಮಾಡೋದು ಬಿಟ್ಟೆ."

ಆ ಕ್ಷಣವೇ ನನ್ನ ತಲೆಯಲ್ಲಿ ಬಲ್ಬು ಹತ್ತಿತು. ಈ ಊಟವನ್ನು ನಾನೇ ಮಾಡಿ ಬಡಿಸಬೇಕು. ಡಬ್ಬದಲ್ಲಿ ಕೊಟ್ಟರೆ ತಾನೇ ವಾಪಸ್ ತುಂಬಿ ಕೊಡುವುದು? ಮೇಜಿನ ಮುಂದೆ ಕೂರಿಸಿ ಬಡಿಸಿದರೆ ಏನು ಮಾಡುತ್ತಾರೆ? ಜೀವನದಲ್ಲಿ ಒಂದೇ ಒಂದು ಸಲ ಆ ಮಹಾತಾಯಿಯನ್ನು ಋಣದಲ್ಲಿ ಕೆಡವಬೇಕು, ಅವರು ಮೆಲ್ಬರ್ನಿಗೆ ಹೋಗುವುದರೊಳಗೆ.

ಜಲಜಾ ನನ್ನ ಉತ್ಸಾಹದ ಮೇಲೆ ಒಂದು ಚೊಂಬು ತಣ್ಣೀರು ಸುರಿದಳು.

"ರೀ, ನೀವು ಅನ್ನಕ್ಕೆ ನೀರಿಡೋದಕ್ಕೂ ಯೂಟ್ಯೂಬ್ ನೋಡ್ತೀರಾ. ಸುಮ್ನೆ ಬಿಸಿಬೇಳೆಬಾತ್ ಮಾಡ್ತೀನಿ ಬಿಡಿ, ಆಂಟಿಗೆ ಇಷ್ಟ."

"ಜಲಜಾ, ಕೃತಜ್ಞತೆಯನ್ನ ಅವರ ಭಾಷೇಲಿ ಹೇಳ್ಬೇಕು."

"ಹೇಳಿ. ಆದ್ರೆ ಒಲೆ ಮೇಲೆ ಯಾಕೆ ಹೇಳ್ತೀರಾ?"

ಆದರೂ ಒಪ್ಪಿದಳು. ಒಪ್ಪದೇ ಇದ್ದವರು ನನ್ನ ಅತ್ತೆ ಭಾಗೀರಥಮ್ಮನವರು. ಮಾವನವರನ್ನು ಮೈಸೂರಿನಲ್ಲಿ ಬಿಟ್ಟು, ವಿಸಿಟರ್ ವೀಸಾದ ಮೇಲೆ ಬಂದು, ನಮ್ಮ ಅಡುಗೆಮನೆಯನ್ನು ಪರ್ಮನೆಂಟ್ ರೆಸಿಡೆನ್ಸಿಯಾಗಿ ಪಡೆದಿದ್ದವರು. ಸತ್ತವರಿಗೆ ತಟ್ಟೆ ಇಡುತ್ತಾರೆ ಎಂಬ ಒಂದೇ ಮಾತು ಕಿವಿಗೆ ಬಿದ್ದದ್ದೇ ತಡ, ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಹಾಗಂದ್ರೆ ಇದು ಅವರ ಪಿತೃಪಕ್ಷ ಅನ್ನಿ. ಮೊದಲೇ ಹೇಳ್ಬಾರ್ದಾ? ಮಡಿ ಇಲ್ದೆ ಎಡೆ ಇಡ್ತಾರಾ ಯಾರಾದ್ರೂ?"

"ಅತ್ತೆ, ಅವರಲ್ಲಿ ಮಡಿ ಎಲ್ಲಾ ಇಲ್ಲ."

"ಅವರಲ್ಲಿ ಇಲ್ಲದೇ ಇರಬಹುದು. ಅಡುಗೆ ಆಗೋದು ನಮ್ಮ ಒಲೆ ಮೇಲೆ ತಾನೇ?"

ಅಲ್ಲಿಂದ ಶುರುವಾಯಿತು ಶಾಸ್ತ್ರಾರ್ಥ. ಎಡೆಯ ಅಡುಗೆಗೆ ಈರುಳ್ಳಿ ಕೂಡದು. ಹೋಯಿತು. ಬ್ರ್ಯಾಕಿಗೆ ಮೊಟ್ಟೆ ಕೂಡದು. ಹೋಯಿತು. ಕೋಸು ಶ್ರಾದ್ಧಕ್ಕೆ ಬರುವುದಿಲ್ಲ. ಹೋಯಿತು. ಕೊನೆಗೆ ಆಲೂಗಡ್ಡೆಯ ಮೇಲೂ ಕಣ್ಣು ಬಿತ್ತು.

"ಆಲೂಗಡ್ಡೆನೂ ಇಂಗ್ಲಿಷ್ ತರಕಾರಿ. ಅದರ ಬದಲು ಬಾಳೆಕಾಯಿ ಹಾಕಿ."

"ಅತ್ತೆ! ಐರಿಷ್ ಪಿತೃಗಳ ಮುಂದೆ ಆಲೂಗಡ್ಡೆನ ಇಂಗ್ಲಿಷ್ ಅಂದ್ರೆ ಅವರು ಮನೆಯೊಳಗೇ ಬರಲ್ಲ!"

ಈ ವಾದಕ್ಕೆ ಅತ್ತೆ ಸ್ವಲ್ಪ ಬಗ್ಗಿದರು. ಅವರ ದೇಶಾಚಾರ ಎಂಬ ಕಲಮಿನಡಿ ಆಲೂಗಡ್ಡೆಗೆ ವಿನಾಯಿತಿ ಸಿಕ್ಕಿತು. ಕೋಸಿನ ಜಾಗಕ್ಕೆ ನಾನು ಕೇಲ್ ಸೊಪ್ಪು ತಂದೆ. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರ ಹೆಸರೇ ಶಾಸ್ತ್ರದಲ್ಲಿ ಇಲ್ಲ, ಹಾಗಾಗಿ ನಿಷೇಧವೂ ಇಲ್ಲ," ಎಂದು ಪಾಸು ಮಾಡಿದರು. ಉಂಗುರದ ವಿಷಯಕ್ಕೆ ತಕರಾರೇ ಬರಲಿಲ್ಲ. "ಶ್ರಾದ್ಧಕ್ಕೆ ಪವಿತ್ರದ ಉಂಗುರ ಬೇಕೇ ಬೇಕಲ್ಲ," ಎಂದರು. ನಮ್ಮದು ದರ್ಭೆಯ ಉಂಗುರ, ಆಂಟಿಯದು ಬ್ರೆಡ್ಡಿನೊಳಗಿನ ಉಂಗುರ ಎಂದು ತಿದ್ದಲು ನನಗೆ ಧೈರ್ಯ ಬರಲಿಲ್ಲ. ಕೊನೆಯದಾಗಿ ಬಂತು ನೋಡಿ, ಎಲ್ಲಕ್ಕಿಂತ ಕಠೋರವಾದ ಆಜ್ಞೆ.

"ಎಡೆಗೆ ಇಡೋ ಮುಂಚೆ ಯಾರೂ ರುಚಿ ನೋಡೋ ಹಾಗಿಲ್ಲ. ಮೂಸೋ ಹಾಗೂ ಇಲ್ಲ."

ಹ್ಯಾಲೋವೀನಿನ ಮಧ್ಯಾಹ್ನ ನಾನು ತಲೆಗೆ ಸ್ನಾನ ಮಾಡಿ, ಬರಿಮೈಯಲ್ಲಿ ಪಂಚೆ ಉಟ್ಟು, ಓವನ್ನಿನ ಮುಂದೆ ನಿಂತೆ. ಯೂಟ್ಯೂಬಿನ ಐರಿಷ್ ಬಾಣಸಿಗ ಪ್ರತಿ ಎರಡು ವಾಕ್ಯಕ್ಕೊಮ್ಮೆ "ಈಗ ರುಚಿ ನೋಡಿ" ಎನ್ನುತ್ತಿದ್ದ. ಪ್ರತಿ ಸಲವೂ ಅತ್ತೆ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಬ್ರ್ಯಾಕಿಗೆ ಒಣಹಣ್ಣನ್ನು ಟೀಯಲ್ಲಿ ನೆನೆಸಬೇಕಿತ್ತು. ಟೀ ಎಂದರೆ ನಮಗೆ ಒಂದೇ ಟೀ. ಹಾಲು, ಸಕ್ಕರೆ, ಶುಂಠಿ, ಏಲಕ್ಕಿ ಹಾಕಿ ಕುದಿಸಿ, ಅದರಲ್ಲಿ ದ್ರಾಕ್ಷಿಗಳನ್ನು ಮುಳುಗಿಸಿದೆ. ಅವನ್ನು ಹಿಟ್ಟಿಗೆ ಕಲಸಿ, ಉಂಗುರ ಹುದುಗಿಸಿ ಓವನ್ನಿಗೆ ತಳ್ಳಿದೆ. ಆಮೇಲೆ ಆಲೂಗಡ್ಡೆ. ಮಸೆಯುವ ಸಾಮಾನು ನಮ್ಮಲ್ಲಿ ಇರಲಿಲ್ಲ. ಇಂಥ ಸಂದರ್ಭಗಳಿಗೆಂದೇ ಕನ್ನಡಿಗರು ಸಮುದ್ರ ದಾಟುವಾಗ ಬಟ್ಟೆ ಬಿಟ್ಟರೂ ಮಿಕ್ಸಿ ಬಿಡುವುದಿಲ್ಲ. ಆಲೂಗಡ್ಡೆ, ಬೇಯಿಸಿದ ಸೊಪ್ಪು, ಹಾಲು ಎಲ್ಲವನ್ನೂ ದೊಡ್ಡ ಜಾರಿಗೆ ಹಾಕಿ ಚಟ್ನಿಗೆ ತಿರುಗಿಸುವ ಹಾಗೆ ತಿರುಗಿಸಿದೆ. ಮುಚ್ಚಳ ತೆಗೆದರೆ ಒಳಗೆ ಹಸಿರು ಬಣ್ಣದ ಅಂಟು. ಸೌಟು ಎತ್ತಿದರೆ ಜಾರೂ ಜೊತೆಗೆ ಎದ್ದಿತು.

ಅನನ್ಯಾ ಬಾಗಿಲ ಬಳಿಯೇ ನಿಂತು ಹೇಳಿದಳು, "ಡ್ಯಾಡ್, ದ್ಯಾಟ್ ಈಸ್ ಗ್ಲೂ."

"ಅಂಟಲ್ಲ ಕಂದ, ಅದು ಕ್ರೀಮಿ ಟೆಕ್ಸ್ಚರ್."

"ಕ್ಯಾನ್ ಐ ಯೂಸ್ ಇಟ್ ಫಾರ್ ಮೈ ಪ್ರಾಜೆಕ್ಟ್?"

ಇನ್ನೂ ಸ್ವಲ್ಪ ಹಾಲು ಬೆರೆಸಿದರೆ ಸರಿಹೋದೀತು ಎಂದು ಅದನ್ನು ಪಾತ್ರೆಗೆ ಬಗ್ಗಿಸಿ ಒಲೆಯ ಮೇಲಿಟ್ಟು, ಬ್ರ್ಯಾಕ್ ಉಬ್ಬಿದೆಯೇ ಎಂದು ನೋಡಲು ಬಗ್ಗಿದೆ. ಅದು ಉಬ್ಬಿರಲಿಲ್ಲ, ಉಬ್ಬುವ ಆಸೆಯೂ ಅದಕ್ಕೆ ಇದ್ದಂತಿರಲಿಲ್ಲ. ಅಷ್ಟರಲ್ಲಿ ಪಾತ್ರೆಯ ತಳ ಸೀದು ಸ್ಮೋಕ್ ಅಲಾರಂ ಹೊಡೆದುಕೊಳ್ಳತೊಡಗಿತು. ಹೊಗೆ ಹೋಗಲಿ ಎಂದು ಓಡಿ ಮುಂಬಾಗಿಲು ತೆಗೆದರೆ, ಹೊರಗೆ ದೆವ್ವ, ಮಾಟಗಾತಿ ವೇಷ ಹಾಕಿಕೊಂಡು ಚಾಕೊಲೇಟ್ ಕೇಳಲು ಬಂದ ಮಕ್ಕಳ ಗುಂಪು. ಎದುರಿಗೆ ನಾನು, ಬರಿಮೈ, ಪಂಚೆ, ಕೈಯಲ್ಲಿ ಹಸಿರು ಅಂಟು ಸುರಿಯುವ ಸೌಟು, ಹಿಂದೆ ಹೊಗೆ ಮತ್ತು ಕಿರುಚುವ ಅಲಾರಂ. ಮಾಟಗಾತಿ ಎರಡು ಹೆಜ್ಜೆ ಹಿಂದೆ ಸರಿದಳು. ದೆವ್ವ ಮಾತ್ರ ಧೈರ್ಯ ಮಾಡಿ, "ಬೆಸ್ಟ್ ಕಾಸ್ಟ್ಯೂಮ್ ಎವರ್!" ಎಂದು ಹೆಬ್ಬೆರಳು ಎತ್ತಿತು.

ಉಪ್ಪು ಹಾಕುವುದು ಅತ್ತೆಯ ಕೆಲಸ ಎಂದು ನಾನು ತಿಳಿದಿದ್ದೆ. ಅಡುಗೆ ಅಳಿಯಂದಿರದು, ಅವರೇ ಹಾಕಿರುತ್ತಾರೆ ಎಂದು ಅವರು ತಿಳಿದಿದ್ದರು. ರುಚಿ ನೋಡುವ ಹಾಗಿರಲಿಲ್ಲವಾದ್ದರಿಂದ ಈ ವಿಷಯ ಬೆಳಕಿಗೆ ಬರಲು ದಾರಿಯೇ ಇರಲಿಲ್ಲ.

ಸಂಜೆ, ಇನ್ನೂ ಬೆಳಕಿರುವಾಗಲೇ, ವಾಕರ್ ಹಿಡಿದು ನಡೆಯುವ ನೋರಾ ಆಂಟಿಯನ್ನು ಜಲಜಾ ಲಿಫ್ಟಿನಲ್ಲಿ ಕರೆತಂದಳು. ಆಂಟಿ ಹಸಿರು ಕಾರ್ಡಿಗನ್ ಹಾಕಿ ತುಟಿಗೆ ಬಣ್ಣ ಹಚ್ಚಿಕೊಂಡಿದ್ದರು. ಬಾಗಿಲಲ್ಲೇ ಮೇಜು ನೋಡಿದರು. ಅವರದೇ ಮೇಜು. ಒಂದು ಕುರ್ಚಿ ಖಾಲಿ, ಅದರ ಮುಂದೆ ತಟ್ಟೆ, ತಟ್ಟೆಯಲ್ಲಿ ಕೋಲ್ಕ್ಯಾನನ್, ಮಧ್ಯದ ಗುಂಡಿಯಲ್ಲಿ ಬೆಣ್ಣೆ. ಆಂಟಿ ವಾಕರಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದು ನಿಂತುಬಿಟ್ಟರು.

"ಯಾರು ಮಾಡಿದ್ದು ಇದನ್ನೆಲ್ಲ?"

"ನಾನೇ ಆಂಟಿ," ಎಂದೆ, ಆದಷ್ಟು ವಿನಯದಿಂದ. (ವಿನಯವನ್ನು ಮಧ್ಯಾಹ್ನವೇ ಅಭ್ಯಾಸ ಮಾಡಿಟ್ಟುಕೊಂಡಿದ್ದೆ.)

ಊಟಕ್ಕೆ ಕೂರೋಣ ಎನ್ನುವಷ್ಟರಲ್ಲಿ ಅತ್ತೆ ಕೈ ಅಡ್ಡ ಹಿಡಿದರು. ಎಡೆ ಕಾಗೆ ಮುಟ್ಟದೆ ಯಾರೂ ಊಟ ಮಾಡುವ ಹಾಗಿಲ್ಲ. ಬಾಲ್ಕನಿಯ ಕಟ್ಟೆಯ ಮೇಲೆ ಒಂದು ಮುದ್ದೆ ಕೋಲ್ಕ್ಯಾನನ್ ಆಗಲೇ ಪ್ರತಿಷ್ಠಾಪನೆಯಾಗಿತ್ತು. ನಾವೆಲ್ಲ ಆ ಕಡೆ ನೋಡುತ್ತ ಕೂತೆವು. ಜಲಜಾ ಆಂಟಿಗೆ ನಮ್ಮ ಪದ್ಧತಿ ವಿವರಿಸಿದಳು. ಆಂಟಿ ಗಂಭೀರವಾಗಿ ತಲೆಯಾಡಿಸಿ, ತಾವೂ ಆಕಾಶ ನೋಡತೊಡಗಿದರು.

ಕಾಗೆ ಬರಲಿಲ್ಲ. ಬಂದದ್ದು ಐಬಿಸ್. ಉದ್ದ ಕೊಕ್ಕಿನ, ಕೊಳಕು ಬಿಳಿ ಬಣ್ಣದ ಈ ಹಕ್ಕಿಯನ್ನು ಇಲ್ಲಿನವರು ಕಸದ ಕೋಳಿ ಎಂದೇ ಕರೆಯುತ್ತಾರೆ. ಹಳಸಿದ ಪಿಜ್ಜಾ, ಮಗುವಿನ ಡಯಾಪರು, ಯಾವುದನ್ನೂ ಬಿಡುವ ಪೈಕಿಯಲ್ಲ. ಅದು ಕಟ್ಟೆಯ ಮೇಲೆ ಕೂತು ನನ್ನ ಕೋಲ್ಕ್ಯಾನನ್ನಿಗೆ ಕೊಕ್ಕು ಚುಚ್ಚಿತು. ಕೊಕ್ಕು ಅಂಟಿಕೊಂಡಿತು. ಕತ್ತು ಹಿಂದಕ್ಕೆಳೆದು, ಕೊಕ್ಕನ್ನು ಕಟ್ಟೆಗೆ ಉಜ್ಜಿ ಉಜ್ಜಿ ಒರೆಸಿ, ನನ್ನ ಕಡೆ ಒಮ್ಮೆ ನೋಡಿ ಹಾರಿಹೋಯಿತು. ಕೆಳಗಿಳಿದು ಪಕ್ಕದ ಬಿಲ್ಡಿಂಗಿನ ಕಸದ ತೊಟ್ಟಿಯಲ್ಲಿ ಊಟಕ್ಕೆ ಕೂತದ್ದನ್ನು ನಾವೆಲ್ಲ ನೋಡಿದೆವು.

"ಪಿತೃಗಳಿಗೆ ಏನೋ ಅತೃಪ್ತಿ ಇದೆ," ಎಂದರು ಅತ್ತೆ.

"ಪಿತೃಗಳಿಗೆ ಮೂಗಿದೆ ಅಮ್ಮ," ಎಂದಳು ಜಲಜಾ.

ನನಗೆ ಅಳು ಬರುವುದೊಂದು ಬಾಕಿ. ಸೀದ ವಾಸನೆ ಈಗ ನನ್ನ ಮೂಗಿಗೂ ಬರುತ್ತಿತ್ತು. ಇಷ್ಟು ವರ್ಷ ನಮ್ಮನ್ನು ಸಾಕಿದ ಹೆಂಗಸಿಗೆ, ಹೊರಟು ನಿಂತಿರುವಾಗ, ಹಕ್ಕಿಯೂ ಮುಟ್ಟದ ಊಟ ಬಡಿಸುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. "ಆಂಟಿ, ಅದನ್ನ ತಿನ್ಬೇಡಿ, ಪಿಜ್ಜಾ ತರಿಸ್ತೀನಿ," ಎಂದು ಎದ್ದೆ. ಅಷ್ಟರಲ್ಲಿ ಆಂಟಿ ಚಮಚ ತುಂಬಿ ಬಾಯಿಗಿಟ್ಟುಕೊಂಡೇಬಿಟ್ಟಿದ್ದರು.

ಆಂಟಿ ಅಗಿದರು. ಅಗಿಯುವುದನ್ನು ನಿಲ್ಲಿಸಿದರು. ಕಣ್ಣಿನಲ್ಲಿ ನೀರು ತುಂಬಿ ಕೆನ್ನೆಯ ಮೇಲೆ ಇಳಿಯಿತು. ಜಲಜಾ ನರ್ಸಲ್ಲವೇ, ಗಂಟಲಿಗೆ ಸಿಕ್ಕಿಕೊಂಡಿದೆ ಎಂದು ಎದ್ದು ಬೆನ್ನಿಗೆ ಗುದ್ದಲು ಓಡಿದಳು. ಆಂಟಿ ಕೈಯೆತ್ತಿ ತಡೆದರು.

"ನನ್ನ ಅತ್ತೆಯ ಕೋಲ್ಕ್ಯಾನನ್!" ಎಂದರು.

ನನ್ನ ಎದೆ ಒಂದು ಗೇಣು ಉಬ್ಬಿತು. ಅದು ಉಬ್ಬಿ ನಿಲ್ಲುವಷ್ಟರಲ್ಲಿ ಆಂಟಿ ಮುಂದುವರಿಸಿದರು.

"ನಮ್ಮ ಊರಲ್ಲೇ ಅವರಷ್ಟು ಕೆಟ್ಟದಾಗಿ ಅಡುಗೆ ಮಾಡೋರು ಇರಲಿಲ್ಲ. ಇದೇ ಅಂಟು. ಇದೇ ಸೀದ ವಾಸನೆ. ಉಪ್ಪು ಹಾಕೋದನ್ನ ಅವರೂ ಮರೀತಿದ್ರು. ನನ್ನ ಮೈಕಲ್ ಇದನ್ನೇ ತಿಂದು ಬೆಳೆದೋನು. ನಾನು ಎಷ್ಟು ಚೆನ್ನಾಗಿ ಮಾಡಿದ್ರೂ, ಚೆನ್ನಾಗಿದೆ ನೋರಾ, ಆದ್ರೆ ಅಮ್ಮ ಮಾಡಿದ ಹಾಗಿಲ್ಲ ಅಂತಿದ್ದ. ಸಾಯೋ ತನಕ ಅದೇ ಮಾತು. ನಾನು ಪ್ರಯತ್ನಪಟ್ಟೆ ಕಣಪ್ಪ. ಬೇಕು ಅಂತ ಸೀಯಿಸಿದೆ, ಉಪ್ಪು ಬಿಟ್ಟೆ. ಬರಲೇ ಇಲ್ಲ. ನಿನಗೆ ಹೇಗೆ ಬಂತು?"

ನಾನು ಮಿಕ್ಸಿಯ ಕಡೆ ನೋಡಿದೆ. ಆಂಟಿ ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಖಾಲಿ ಕುರ್ಚಿಯ ಕಡೆ ತಿರುಗಿ, "ತಗೋ ಮೈಕಲ್, ಕೊನೆಗೂ ಸಿಕ್ತು," ಎಂದರು. ಆಮೇಲೆ ನಗುತ್ತ, ಅಳುತ್ತ, ಪೂರ್ತಿ ತಟ್ಟೆ ಖಾಲಿ ಮಾಡಿ, ಇನ್ನೊಂದು ಸಲ ಹಾಕಿಸಿಕೊಂಡರು. ನಮ್ಮ ಅತ್ತೆಗೆ ಜಲಜಾ ಅಷ್ಟನ್ನೂ ಕನ್ನಡದಲ್ಲಿ ಹೇಳಿದಳು. ಅತ್ತೆ ಖಾಲಿ ಕುರ್ಚಿಗೆ ಕೈಮುಗಿದು, "ಅವರ ಅತ್ತೆ ಹಕ್ಕಿ ರೂಪದಲ್ಲಿ ಯಾಕೆ ಬರಲಿಲ್ಲ ಅಂತ ಈಗ ಗೊತ್ತಾಯ್ತು. ಮಧ್ಯಾಹ್ನದಿಂದ ನಿಮ್ಮ ಕೈಯಲ್ಲೇ ಇದ್ರಲ್ಲ ಅಳಿಯಂದಿರೇ," ಎಂದರು. ಎಡೆ ಮುಟ್ಟಿದಂತಾಯಿತು ಎಂಬ ತೀರ್ಪೂ ಕೊಟ್ಟು ತಾವೂ ಎರಡು ಚಮಚ ಬಡಿಸಿಕೊಂಡರು. ಒಂದನ್ನು ತಿಂದರು. ಇನ್ನೊಂದನ್ನು ಉಪ್ಪಿನಕಾಯಿ ಹಚ್ಚಿಕೊಂಡು ತಿಂದರು.

ಬ್ರ್ಯಾಕಿನ ಕಥೆ ಹೇಳುವಂಥದ್ದೇನೂ ಇಲ್ಲ. ಚಾಕುವಿಗೆ ಅದು ಬಗ್ಗಲಿಲ್ಲ, ತೆಂಗಿನಕಾಯಿ ಒಡೆಯುವ ಮಚ್ಚಿಗೆ ಬಗ್ಗಿತು. ಉಂಗುರ ಸಿಕ್ಕಿದ್ದು ನಮ್ಮ ಅತ್ತೆಯ ತುಂಡಿನಲ್ಲಿ. "ಅಭಿನಂದನೆಗಳು, ವರ್ಷದೊಳಗೆ ಮದುವೆ!" ಎಂದು ಆಂಟಿ ಕೈಕುಲುಕಿದರು. ಜಲಜಾ ಅರ್ಥ ಹೇಳಿದ ತಕ್ಷಣ ಅತ್ತೆಯ ಮುಖ ಬಿಳಿಚಿಕೊಂಡಿತು.

"ನನಗೆ ಇನ್ನೊಂದು ಮದುವೆ ಅಂದ್ರೆ... ಅಯ್ಯೋ, ನಮ್ಮ ಯಜಮಾನರು ಹೇಗಿದ್ದಾರೋ! ಫೋನ್ ಹಚ್ಚೇ ಜಲಜಾ!"

ವಿಡಿಯೋ ಕಾಲ್ ಹೋಯಿತು. ಮೈಸೂರಿನಲ್ಲಿ ಮಧ್ಯಾಹ್ನ. ಶುಗರಿಗೆಂದು ರಾಗಿ ಮುದ್ದೆ ಉಣ್ಣುತ್ತಿರಬೇಕಾಗಿದ್ದ ಮಾವನವರು, ಹೋಟೆಲಿನಲ್ಲಿ ಜಹಾಂಗೀರಿನ ಮುಂದೆ ಕೂತು, ಬದುಕಿರುವುದಕ್ಕೆ ಕ್ಷಮೆ ಕೇಳುವವರ ಹಾಗೆ ನಮ್ಮನ್ನು ನೋಡಿದರು. ಅತ್ತೆ ಮೊದಲು ದೇವರಿಗೆ ಕೈಮುಗಿದರು. ಆಮೇಲೆ ಮಾವನವರನ್ನು ವಿಚಾರಿಸಿಕೊಂಡರು.

ನೋರಾ ಆಂಟಿ ನವೆಂಬರಿನಲ್ಲಿ ಹೋದರು. ಹೋಗುವ ದಿನ ನನ್ನ ಕೈ ಹಿಡಿದು, "ಮುಂದಿನ ಹ್ಯಾಲೋವೀನಿಗೆ ಮೆಲ್ಬರ್ನಿಗೆ ಬಂದು ನೀನೇ ಮಾಡಬೇಕು," ಎಂದು ಮಾತು ತೆಗೆದುಕೊಂಡರು. ಋಣದಲ್ಲಿ ಕೆಡವಲು ಹೋದವನು ಇನ್ನೊಂದು ವರ್ಷದ ಮಟ್ಟಿಗೆ ಬುಕ್ ಆಗಿದ್ದೆ. ಕಾರು ತಿರುವಿನಲ್ಲಿ ಮರೆಯಾದ ಮೇಲೂ ನಾವೆಲ್ಲ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆವು. ಈ ಊರಿನಲ್ಲಿ ನಮಗೆ ಅಂತ ಒಬ್ಬರಿದ್ದರು ಎಂಬುದಕ್ಕೆ ಅವತ್ತು ನಾನು ಮನಸ್ಸಿನಲ್ಲೇ ಎಷ್ಟು ಸಲ ಥ್ಯಾಂಕ್ಸ್ ಹೇಳಿದೆನೋ ಲೆಕ್ಕವಿಲ್ಲ.

ಆದರೆ ಗಂಡಸಿಗೆ ಮರ್ಯಾದೆ ಎನ್ನುವುದೊಂದು ಇರುತ್ತದಲ್ಲ. ಇಡೀ ಐರ್ಲೆಂಡಿನ ಅತಿ ಕೆಟ್ಟ ಅಡುಗೆಯವಳ ಉತ್ತರಾಧಿಕಾರಿ ಎಂಬ ಬಿರುದನ್ನು ಹೊತ್ತು ಎಷ್ಟು ದಿನ ಬದುಕುವುದು? ಮುಂದಿನ ಸಲ ಆಂಟಿಗೆ ನಿಜವಾಗಿಯೂ ರುಚಿಯಾದ ಊಟ ಬಡಿಸಲೇಬೇಕೆಂದು ಪಣ ತೊಟ್ಟೆ. ವರ್ಷವಿಡೀ ಭಾನುವಾರ ಭಾನುವಾರ ಆಲೂಗಡ್ಡೆ ಮಸೆದೆ. ಜಲಜಾ ಮೊದಮೊದಲು ನಕ್ಕಳು, ಆಮೇಲೆ ತಿಂದಳು, ಆಮೇಲೆ ಬಟ್ಟಲು ನೆಕ್ಕಿದಳು. ಅನನ್ಯಾ, "ಡ್ಯಾಡ್, ದಿಸ್ ಈಸ್ ಆಕ್ಚುಲಿ ಗುಡ್," ಎಂದಳು. ಅವಳ ಬಾಯಿಂದ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಈ ವರ್ಷ ಮಾತು ಕೊಟ್ಟಿದ್ದ ಪ್ರಕಾರ ವಿಮಾನ ಹತ್ತಿ ಮೆಲ್ಬರ್ನಿಗೆ ಹೋದೆವು. ಆಂಟಿಯ ಮಗಳ ಅಡುಗೆಮನೆಯಲ್ಲಿ, ಶರ್ಟು ಹಾಕಿಕೊಂಡು, ಹೆಜ್ಜೆ ಹೆಜ್ಜೆಗೂ ರುಚಿ ನೋಡಿ, ಹೂವಿನಂಥ ಕೋಲ್ಕ್ಯಾನನ್ ಮಾಡಿದೆ. ಮಗಳು ಎರಡನೇ ಸಲ ಹಾಕಿಸಿಕೊಂಡಳು. ಅಳಿಯ ಪಾತ್ರೆಯನ್ನೇ ಹತ್ತಿರ ಎಳೆದುಕೊಂಡ. ಮೊಮ್ಮಕ್ಕಳು ಬೆಣ್ಣೆಯ ಗುಂಡಿಗಾಗಿ ಜಗಳವಾಡಿದರು. ನಾನು ಯಾರ ಮುಖವನ್ನೂ ನೋಡಲಿಲ್ಲ, ನೋರಾ ಆಂಟಿಯ ಮುಖವನ್ನಷ್ಟೇ ನೋಡುತ್ತಿದ್ದೆ.

ಆಂಟಿ ಒಂದು ಚಮಚ ಬಾಯಿಗಿಟ್ಟುಕೊಂಡರು. ನಿಧಾನವಾಗಿ ಅಗಿದರು. ಇನ್ನೊಂದು ಚಮಚ ತೆಗೆದುಕೊಂಡು, ಏನನ್ನೋ ಹುಡುಕುವವರ ಹಾಗೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡರು. ಆಮೇಲೆ ಚಮಚ ಕೆಳಗಿಟ್ಟು, ಉಳಿದವರಿಗೆ ಕೇಳಿಸದ ಹಾಗೆ ನನ್ನ ಕಡೆ ಬಗ್ಗಿ, ನನ್ನ ಕೈಯನ್ನು ಮೆಲ್ಲಗೆ ತಟ್ಟಿದರು.

"ಬೇಜಾರು ಮಾಡ್ಕೋಬೇಡ ಮಗೂ," ಎಂದರು. "ಒಂದೊಂದು ಸಲ ಹೀಗಾಗುತ್ತೆ. ಮುಂದಿನ ವರ್ಷ ಸರಿಯಾಗಿ ಮಾಡುವೆಯಂತೆ."